ಹದಿನಾರನೇ ಕಿಲೋಮೀಟರಿನಲ್ಲಿ ಕಾಲು ಕಲ್ಲಾಗುವುದೇಕೆ?

ಪ್ರಶ್ನೆ: ಒಂದೂವರೆ ವರ್ಷದಿಂದ ವಾರಕ್ಕೆ ನಾಲ್ಕು ದಿನ ಓಡುತ್ತಿದ್ದೇನೆ. 10 ಕಿ.ಮೀ. ದೂರವನ್ನು ಒಂದು ಗಂಟೆಯಲ್ಲಿ ಮುಗಿಸುತ್ತೇನೆ. ಕಳೆದ ತಿಂಗಳು ಮೊದಲ ಬಾರಿಗೆ ಹಾಫ್ ಮ್ಯಾರಥಾನ್, ಅಂದರೆ 21 ಕಿ.ಮೀ. ಚಿಲ್ಲರೆ ದೂರ, ಓಡಿದೆ. ಮೊದಲ 10 ಕಿ.ಮೀ. 58 ನಿಮಿಷಕ್ಕೆ ಮುಗಿಯಿತು, 16ನೇ ಕಿ.ಮೀ. ಫಲಕವನ್ನು 1 ಗಂಟೆ 36 ನಿಮಿಷಕ್ಕೆ ದಾಟಿದೆ. ಅಲ್ಲಿಂದ ಮುಂದೆ ಉಸಿರು ಸರಿಯಾಗಿಯೇ ಇದ್ದರೂ ಕಾಲುಗಳು ಏಳಲೇ ಇಲ್ಲ. ಒಂದಿಷ್ಟು ನಡೆದು, ಒಂದಿಷ್ಟು ಓಡಿ, 2 ಗಂಟೆ 31 ನಿಮಿಷಕ್ಕೆ ಹೇಗೋ ಮುಗಿಸಿದೆ. ಅಭ್ಯಾಸದಲ್ಲಿ ನಾನು ಓಡಿದ ಅತಿ ಹೆಚ್ಚಿನ ದೂರ 13 ಕಿ.ಮೀ. ನನ್ನಲ್ಲಿ ಯಾವುದರ ಕೊರತೆಯಿದೆ? ಆಹಾರದ್ದೇ, ಅಭ್ಯಾಸದ್ದೇ? ನಡೆದದ್ದು ಸೋಲೆಂದು ತಿಳಿಯಬೇಕೇ?

ಉತ್ತರ: ಅಂಕಿಗಳು ಅಷ್ಟಿಷ್ಟು ಬದಲಾಗುತ್ತವೆಯೇ ಹೊರತು ಈ ಪ್ರಶ್ನೆ ಬದಲಾಗುವುದಿಲ್ಲ. ಒಬ್ಬರಿಗೆ 14ನೇ ಕಿಲೋಮೀಟರಿನಲ್ಲಿ ಆಗುವುದು ಇನ್ನೊಬ್ಬರಿಗೆ 18ರಲ್ಲಿ ಆಗುತ್ತದೆ. ನಿಮ್ಮ ವಿಷಯದಲ್ಲಿ ಉತ್ತರ ಪ್ರಶ್ನೆಯೊಳಗೇ ಇದೆ. ಗಂಟೆಯಲ್ಲಿ 10 ಕಿ.ಮೀ. ಓಡುವವರು ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚಿನ ದೂರದ ಓಟದಲ್ಲಿ ಮೊದಲ 10 ಕಿ.ಮೀ. ದೂರವನ್ನು 58 ನಿಮಿಷಕ್ಕೆ ದಾಟಿದ್ದಾರೆ. ಮೇಲಾಗಿ 13 ಕಿ.ಮೀ. ಆಚೆಗಿನ ರಸ್ತೆಯನ್ನು ಅವರ ಕಾಲುಗಳು ಅಭ್ಯಾಸದಲ್ಲಿ ಎಂದೂ ಕಂಡಿಲ್ಲ. ಆರಂಭಶೂರತ್ವ ಎಂಬ ಹಳೆಯ ಮಾತು ಇಂಥ ಓಟಕ್ಕೆ ಹೇಳಿ ಮಾಡಿಸಿದಂತಿದೆ.

ಮೊದಲು ಆಹಾರದ ಅನುಮಾನವನ್ನು ಪರಿಹರಿಸಿಕೊಳ್ಳೋಣ, ಏಕೆಂದರೆ ಕಾಲು ಸೋತಾಗ ಹೆಚ್ಚಿನವರು ಬೆರಳು ತೋರಿಸುವುದು ಅದರ ಕಡೆಗೇ. ದೇಹವು ಪಿಷ್ಟವನ್ನು ಗ್ಲೈಕೋಜನ್ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟುಕೊಳ್ಳುತ್ತದೆ. ಚೆನ್ನಾಗಿ ಉಂಡು ವಿಶ್ರಾಂತಿ ಪಡೆದವರಲ್ಲಿ ಇದು ಒಟ್ಟು 400ರಿಂದ 500 ಗ್ರಾಂ, ಅಂದರೆ ಸುಮಾರು 1,600ರಿಂದ 2,000 ಕಿಲೋಕ್ಯಾಲೊರಿಯಷ್ಟಿರುತ್ತದೆ. ಓಡುವಾಗ ದೇಹದ ಪ್ರತಿ ಕಿಲೋ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ, ಹೆಚ್ಚುಕಡಿಮೆ ಒಂದು ಕಿಲೋಕ್ಯಾಲೊರಿ ಖರ್ಚಾಗುತ್ತದೆ. 65 ಕಿಲೋ ತೂಕದವರಿಗೆ 21.0975 ಕಿ.ಮೀ. ದೂರಕ್ಕೆ ಇದು ಸುಮಾರು 1,370 ಆಯಿತು, ಅದರಲ್ಲಿಯೂ ಒಂದು ಪಾಲನ್ನು ಕೊಬ್ಬು ಭರಿಸುತ್ತದೆ. ಪೂರ್ಣ ಮ್ಯಾರಥಾನ್ ಓಡುವವರು 30ನೇ ಕಿಲೋಮೀಟರಿನ ಆಸುಪಾಸಿನಲ್ಲಿ ‘ಗೋಡೆಗೆ ಡಿಕ್ಕಿ ಹೊಡೆದಂತಾಯಿತು’ ಎನ್ನುವುದಕ್ಕೆ ಈ ಸಂಗ್ರಹ ಬರಿದಾಗುವುದು ಮುಖ್ಯ ಕಾರಣ. ಹಾಫ್ ಮ್ಯಾರಥಾನಿನ 16ನೇ ಕಿಲೋಮೀಟರಿಗೆ ಆ ಉಗ್ರಾಣ ಖಾಲಿಯಾಗುವುದು ಅಪರೂಪ. ಹಿಂದಿನ ದಿನ ಉಪವಾಸವಿದ್ದು ಓಡಿದ್ದರೆ ಮಾತು ಬೇರೆ.

ಹಾಗಾದರೆ ಸೋತದ್ದು ಯಾವುದು? ಎರಡು ಸಂಗತಿಗಳು ಒಟ್ಟಿಗೆ ಕೂಡಿಕೊಂಡವು. ಮೊದಲನೆಯದು ವೇಗಕ್ಕೆ ಸಂಬಂಧಿಸಿದ್ದು. ಪ್ರತಿಯೊಬ್ಬರಿಗೂ ಸುಮಾರು ಒಂದು ಗಂಟೆಯ ಕಾಲ ಮಾತ್ರ ಹಿಡಿದಿಟ್ಟುಕೊಳ್ಳಬಲ್ಲ ಒಂದು ವೇಗವಿರುತ್ತದೆ. ಅದಕ್ಕಿಂತ ಸ್ವಲ್ಪವೇ ಹೆಚ್ಚಾದರೂ ಸ್ನಾಯುಗಳಲ್ಲಿ ಹುಟ್ಟುವ ಲ್ಯಾಕ್ಟೇಟ್ ರಕ್ತದಲ್ಲಿ ಏರುತ್ತ ಹೋಗುತ್ತದೆ, ಉಸಿರು ಬಿಗಿಯಾಗುತ್ತದೆ, ಗ್ಲೈಕೋಜನ್ ಬಳಕೆ ಧಾರಾಳವಾಗುತ್ತದೆ. (ನೋವಿಗೆಲ್ಲ ಲ್ಯಾಕ್ಟೇಟನ್ನೇ ದೂರುವ ರೂಢಿ ಇನ್ನೂ ಹೋಗಿಲ್ಲ, ಅದು ಸ್ನಾಯುಗಳೂ ಹೃದಯವೂ ಉರಿಸಬಲ್ಲ ಇಂಧನ, ಮಿತಿ ಮೀರಿದ್ದನ್ನು ತಿಳಿಸುವ ಗುರುತು ಅಷ್ಟೇ.) 10 ಕಿ.ಮೀ. ದೂರವನ್ನು 60 ನಿಮಿಷಕ್ಕೆ ಮುಗಿಸುವ ನಿಮಗೆ ಆ ಗಡಿಯ ವೇಗವೆಂದರೆ ಕಿಲೋಮೀಟರಿಗೆ ಸರಿಸುಮಾರು 6 ನಿಮಿಷ. ನೀವು ಓಡಿದ್ದು 5 ನಿಮಿಷ 48 ಸೆಕೆಂಡಿನಂತೆ. ಎರಡು ಗಂಟೆಗೂ ಮೀರಿದ ಕೆಲಸದ ಮೊದಲರ್ಧವನ್ನು ಒಂದು ಗಂಟೆಯ ಕೆಲಸಕ್ಕಿಂತಲೂ ಬಿರುಸಾಗಿ ಮಾಡಿದಿರಿ.

ಅಮೆರಿಕದ ಎಂಜಿನಿಯರ್ ಪೀಟರ್ ರೀಗಲ್ 1977ರಲ್ಲಿ ಪ್ರಕಟಿಸಿದ, ಒಂದು ಓಟದ ಸಮಯದಿಂದ ಇನ್ನೂ ಉದ್ದದ ಓಟದ ಸಮಯವನ್ನು ಅಂದಾಜಿಸುವ ಒಂದು ಸರಳ ಸೂತ್ರವಿದೆ: ದೂರ ಎಷ್ಟು ಪಟ್ಟು ಹೆಚ್ಚಾಯಿತೋ ಅದನ್ನು 1.06ರ ಘಾತಕ್ಕೆ ಏರಿಸಿ, ಹಿಂದಿನ ಓಟದ ಸಮಯದಿಂದ ಗುಣಿಸಬೇಕು. ನಿಮ್ಮ 60 ನಿಮಿಷಕ್ಕೆ ಅದು ಕೊಡುವ ಉತ್ತರ 2 ಗಂಟೆ 12 ನಿಮಿಷ ಚಿಲ್ಲರೆ, ಅಂದರೆ ಕಿಲೋಮೀಟರಿಗೆ 6 ನಿಮಿಷ 16 ಸೆಕೆಂಡು. ವಾರಕ್ಕೆ ಓಡುವ ದೂರ ಕಡಿಮೆ ಇರುವ ಹವ್ಯಾಸಿಗಳ ಮಟ್ಟಿಗೆ ಈ ಸೂತ್ರ ತುಸು ಉದಾರಿ ಎಂದೇ ನನ್ನ ಅನುಭವ. ಆದ್ದರಿಂದ ನಿಮಗೆ 2 ಗಂಟೆ 15 ನಿಮಿಷದ ಗುರಿಯನ್ನು, ಎಂದರೆ ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡಿನ ಪೇಸನ್ನು ಸೂಚಿಸುತ್ತೇನೆ. ಕಾಗದದ ಮೇಲೆ ಇದು ನೀವು ಓಡಿದ್ದಕ್ಕಿಂತ 36 ಸೆಕೆಂಡು ನಿಧಾನ. ರಸ್ತೆಯ ಮೇಲೆ ಮೊದಲ ಮೂರು ಕಿಲೋಮೀಟರ್ ಇದು ಅವಮಾನಕರವೆನಿಸುವಷ್ಟು ನಿಧಾನವಾಗಿ ಕಾಣುತ್ತದೆ, ಹಾಗೆ ಕಾಣಲೇಬೇಕು.

ಎರಡನೆಯ ಸಂಗತಿ ಕಾಲುಗಳದ್ದೇ. ನಿಮಿಷಕ್ಕೆ 165 ಹೆಜ್ಜೆಯಂತೆ ಲೆಕ್ಕ ಹಾಕಿದರೆ, 1 ಗಂಟೆ 36 ನಿಮಿಷದಲ್ಲಿ ನೀವು ಇಟ್ಟ ಹೆಜ್ಜೆಗಳು 15,800ಕ್ಕೂ ಹೆಚ್ಚು. ಅಂದರೆ ಒಂದೊಂದು ಕಾಲೂ ಎಂಟು ಸಾವಿರದಷ್ಟು ಬಾರಿ, ಪ್ರತಿ ಸಲವೂ ದೇಹದ ತೂಕದ ಎರಡು ಪಟ್ಟಿಗೂ ಹೆಚ್ಚಿನ ಬಲವನ್ನು ಒಂಟಿಯಾಗಿ ಹೊತ್ತಿದೆ. ಪಾದ ನೆಲ ಮುಟ್ಟಿದ ಕ್ಷಣದಲ್ಲಿ ತೊಡೆಯ ಮುಂಭಾಗದ ಸ್ನಾಯು ಮೊಣಕಾಲು ಕುಸಿಯದಂತೆ ತಡೆಯುತ್ತದೆ; ಆಗ ಅದು ಬಿಗಿಯಾಗಿರುತ್ತಲೇ ಉದ್ದಕ್ಕೆ ಎಳೆಯಲ್ಪಡುತ್ತದೆ. ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮ ಪೆಟ್ಟು ಬೀಳುವುದು ಈ ಬಗೆಯ ಕೆಲಸದಲ್ಲಿಯೇ. ಓಟದ ಮರುದಿನ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟವಾಗಿದ್ದರೆ, ಕೈಹಿಡಿಗೆ ಆತುಕೊಂಡು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿದಿದ್ದರೆ, ಕಾರಣ ಅದೇ. ಉಸಿರು ಸರಿಯಿದ್ದೂ ಕಾಲು ಏಳಲಿಲ್ಲ ಎಂದಿರಲ್ಲ, ಆ ಒಂದು ಮಾತು ರೋಗವನ್ನು ತಾನೇ ಹೇಳುತ್ತದೆ: ಹೃದಯ ಮತ್ತು ಶ್ವಾಸಕೋಶಗಳು ಸಿದ್ಧವಾಗಿದ್ದವು, ತೊಡೆ ಮತ್ತು ಮೀನಖಂಡಗಳು ಸಿದ್ಧವಾಗಿರಲಿಲ್ಲ.

ಇದಕ್ಕೆ ಮದ್ದು ವಾರಕ್ಕೊಂದು ದೀರ್ಘ ಓಟ, ಓಟಗಾರರ ಬಾಯಲ್ಲಿ ಲಾಂಗ್ ರನ್. ಮುಂದಿನ ಸ್ಪರ್ಧೆಗೆ 12 ವಾರ ಇಟ್ಟುಕೊಳ್ಳಿ. 12 ಕಿ.ಮೀ.ಯಿಂದ ತೊಡಗಿ ವಾರಕ್ಕೊಂದು ಕಿಲೋಮೀಟರ್ ಏರಿಸುತ್ತ, ಪ್ರತಿ ಮೂರು ಅಥವಾ ನಾಲ್ಕನೇ ವಾರ ಮೂರು-ನಾಲ್ಕು ಕಿಲೋಮೀಟರ್ ಇಳಿಸಿ ದೇಹಕ್ಕೆ ಬಿಡುವು ಕೊಟ್ಟು, ಸ್ಪರ್ಧೆಗೆ ಎರಡು-ಮೂರು ವಾರ ಉಳಿದಿರುವಾಗ 18 ಅಥವಾ 19 ಕಿ.ಮೀ. ತಲುಪಿದರೆ ಸಾಕು. ಅಭ್ಯಾಸದಲ್ಲೇ 21 ಕಿ.ಮೀ. ಓಡಿ ನೋಡಬೇಕೆಂಬ ಹಟ ಬೇಡ. ನಿಧಾನವಾಗಿ ಓಡಿದ 18 ಕಿ.ಮೀ. ಹೇಗೂ ನಿಮ್ಮನ್ನು ಎರಡು ಗಂಟೆಗೂ ಮೀರಿ ಕಾಲ ಮೇಲೆ ಇರಿಸುತ್ತದೆ.

‘ನಿಧಾನವಾಗಿ’ ಎಂಬ ಪದದ ಮೇಲೆ ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹವ್ಯಾಸಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಸೋಮವಾರದ ಓಟವೂ ಭಾನುವಾರದ ಓಟವೂ ಒಂದೇ ಅರೆಬಿರುಸಿನ ವೇಗದಲ್ಲಿ ಸಾಗುತ್ತವೆ. ಸುಲಭದ ಓಟ ಸುಲಭವಾಗಿರುವುದಿಲ್ಲ, ಕಠಿಣದ್ದು ಸಾಕಷ್ಟು ಕಠಿಣವಾಗಿರುವುದಿಲ್ಲ. ನಿಮ್ಮ ಸುಲಭದ ಓಟ ಮತ್ತು ಲಾಂಗ್ ರನ್ ಕಿಲೋಮೀಟರಿಗೆ 7ರಿಂದ 7 ನಿಮಿಷ 30 ಸೆಕೆಂಡಿನಷ್ಟು ಇರಲಿ. ಗಡಿಯಾರಕ್ಕಿಂತ ನಂಬಿಕಸ್ಥ ಅಳತೆ ನಾಲಿಗೆ: ಪಕ್ಕದಲ್ಲಿ ಓಡುವವರಿಗೆ ನಿನ್ನೆ ನಡೆದದ್ದೊಂದನ್ನು ಪೂರ್ತಿ ವಾಕ್ಯಗಳಲ್ಲಿ, ನಡುವೆ ಏದುಸಿರು ಬಿಡದೆ ಹೇಳಲು ಬಂದರೆ ವೇಗ ಸರಿಯಿದೆ. ಈ ವೇಗದಲ್ಲಿಯೇ ಸ್ನಾಯುಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಗಳು ಹೆಚ್ಚುತ್ತವೆ, ಸೂಕ್ಷ್ಮ ರಕ್ತನಾಳಗಳ ಜಾಲ ದಟ್ಟವಾಗುತ್ತದೆ, ಸ್ನಾಯುರಜ್ಜುಗಳು ಪೆಟ್ಟಾಗದೆ ಗಟ್ಟಿಯಾಗುತ್ತವೆ. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ತಮ್ಮ ಶಿಷ್ಯ ಪೀಟರ್ ಸ್ನೆಲ್ ಅವರನ್ನು ವೈಯಟಾರುವಾ ಗುಡ್ಡಗಳ ದಾರಿಯಲ್ಲಿ 22 ಮೈಲಿ, ಅಂದರೆ 35 ಕಿ.ಮೀ. ದೂರ ಓಡಿಸುತ್ತಿದ್ದರು, ಸ್ನೆಲ್ ಅವರ ಮುಖ್ಯ ಸ್ಪರ್ಧೆ 800 ಮೀಟರಿನದು, ಆ ದೂರದಲ್ಲಿ ಅವರು 1960ರಲ್ಲಿಯೂ 1964ರಲ್ಲಿಯೂ ಒಲಿಂಪಿಕ್ ಚಿನ್ನ ಗೆದ್ದರು. ಉತ್ತಮ ದರ್ಜೆಯ ಕ್ರೀಡಾಪಟುಗಳ ಅಭ್ಯಾಸದಲ್ಲಿ ಸುಮಾರು ನೂರಕ್ಕೆ ಎಂಬತ್ತು ಭಾಗ ಇಂಥ ಸುಲಭದ ಶ್ರಮವೇ ಆಗಿರುತ್ತದೆ ಎಂಬುದನ್ನು ನಾರ್ವೆಯಲ್ಲಿ ನೆಲೆಸಿರುವ ಕ್ರೀಡಾ ವಿಜ್ಞಾನಿ ಸ್ಟೀಫನ್ ಸೈಲರ್ ತೋರಿಸಿಕೊಟ್ಟಿದ್ದಾರೆ. ವಾರಕ್ಕೆ ನಾಲ್ಕೇ ದಿನ ಓಡುವವರು ಆ ಪ್ರಮಾಣವನ್ನು ತಕ್ಕಡಿಯಲ್ಲಿ ತೂಗಬೇಕಾಗಿಲ್ಲ. ನಾಲ್ಕರಲ್ಲಿ ಒಂದು ದಿನ ಬಿರುಸು, ಮೂರು ದಿನ ಸುಲಭ ಎಂದಿಟ್ಟುಕೊಂಡರಾಯಿತು.

ಆ ಒಂದು ಬಿರುಸಿನ ದಿನ ಟೆಂಪೋ ಓಟಕ್ಕೆ: ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಂಡು, ಎರಡು-ಮೂರು ಪದಗಳಷ್ಟೇ ಆಡಲು ಬರುವ ವೇಗದಲ್ಲಿ ಇಪ್ಪತ್ತು ನಿಮಿಷ, ಮತ್ತೆ ನಿಧಾನ. ಕೊನೆಯ ಐದಾರು ವಾರಗಳಲ್ಲಿ ಕೆಲವು ಲಾಂಗ್ ರನ್‌ಗಳ ಕೊನೆಯ ನಾಲ್ಕೈದು ಕಿಲೋಮೀಟರನ್ನು ಸ್ಪರ್ಧೆಯ ಪೇಸ್ ಆದ 6 ನಿಮಿಷ 24 ಸೆಕೆಂಡಿಗೆ ಏರಿಸಿ. ದಣಿದ ಕಾಲಿನಲ್ಲಿ ಆ ವೇಗ ಹೇಗನ್ನಿಸುತ್ತದೆ ಎಂಬುದರ ಪರಿಚಯ ಅಲ್ಲಿಯೇ ಆಗಬೇಕು. ವಾರಕ್ಕೆ ಎರಡು ದಿನ ಇಪ್ಪತ್ತು ನಿಮಿಷ ಸ್ಕ್ವಾಟ್, ಮೆಟ್ಟಿಲಿಳಿಯುವ ವ್ಯಾಯಾಮ ಮತ್ತು ಮೊಣಕಾಲನ್ನು ನೇರವಾಗಿಟ್ಟೂ ಬಾಗಿಸಿಯೂ ಹಿಮ್ಮಡಿ ಎತ್ತುವ ವ್ಯಾಯಾಮ ಮಾಡಿ. ಕೊನೆಯ ಎರಡು ವಾರ ಓಟದ ಒಟ್ಟು ದೂರವನ್ನು ಅರ್ಧದಷ್ಟಕ್ಕೆ ಇಳಿಸಿ, ವೇಗವನ್ನು ಮಾತ್ರ ಕಳೆದುಕೊಳ್ಳಬೇಡಿ. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟರೆ ನೋಯುತ್ತಿದ್ದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಎದೆನೋವು ಅಥವಾ ತಲೆಸುತ್ತು ಬಂದಾಗಲಂತೂ ಒಂದು ಹೆಜ್ಜೆಯೂ ಮುಂದೆ ಹೋಗಬಾರದು.

ಇಷ್ಟೆಲ್ಲ ಸಿದ್ಧತೆಯನ್ನು ಸ್ಪರ್ಧೆಯ ದಿನದ ಮೊದಲ ಹತ್ತು ನಿಮಿಷ ಮಣ್ಣುಪಾಲು ಮಾಡಬಲ್ಲದು. ಎರಡು ವಾರದ ವಿಶ್ರಾಂತಿಯಿಂದ ಕಾಲು ಹಗುರ, ಸುತ್ತ ಸಾವಿರಾರು ಜನ, ಮೈಯಲ್ಲಿ ಅಡ್ರಿನಲಿನ್; ಹಾಗಾಗಿ ವೇಗ ವೇಗವೆಂದೇ ತೋರುವುದಿಲ್ಲ. ನನ್ನ ಎರಡನೇ ಹಾಫ್ ಮ್ಯಾರಥಾನಿನಲ್ಲಿ ಮೊದಲ ಕಿಲೋಮೀಟರ್ 5 ನಿಮಿಷ 25 ಸೆಕೆಂಡಿಗೆ ಮುಗಿದದ್ದನ್ನು ಕಂಡು, ಇವತ್ತು ನನ್ನ ದಿನ ಎಂದುಕೊಂಡಿದ್ದೆ. 17ನೇ ಕಿಲೋಮೀಟರಿನಲ್ಲಿ ಷೂ ಲೇಸ್ ಬಿಚ್ಚಿತು. ಕಟ್ಟಲೆಂದು ಬಗ್ಗಿದವನಿಗೆ ಮೀನಖಂಡ ಗಂಟು ಕಟ್ಟಿಕೊಂಡು ಮೇಲೇಳಲೂ ಆಗಲಿಲ್ಲ, ಬೆರಳಿಗೆ ಲೇಸೂ ಸಿಗಲಿಲ್ಲ. ನೀರಿನ ಮೇಜಿನ ಬಳಿ ಲೋಟ ಹಿಡಿದು ನಿಂತಿದ್ದ ಹುಡುಗನೊಬ್ಬ ಬಂದು, ಪುಟ್ಟ ಮಕ್ಕಳಿಗೆ ಕಟ್ಟುವಂತೆ, ಎರಡು ಗಂಟು ಹಾಕಿ ಕಟ್ಟಿಕೊಟ್ಟ. ಅಂದಿನಿಂದ ಮೊದಲ ಮೂರು ಕಿಲೋಮೀಟರನ್ನು ಗುರಿಯ ಪೇಸ್‌ಗಿಂತ ಹತ್ತು ಸೆಕೆಂಡು ನಿಧಾನವಾಗಿಯೇ ಓಡುತ್ತೇನೆ, ಲೇಸಿಗೂ ಎರಡು ಗಂಟು ಹಾಕುತ್ತೇನೆ.

ಓಡಿದ ದೂರವನ್ನು ಅಳೆದು ತೋರಿಸುವ ಕೈಗಡಿಯಾರವನ್ನೂ ಪೂರ್ತಿ ನಂಬಬೇಡಿ. ಪ್ರಮಾಣೀಕೃತ ಓಟದ ದಾರಿಯನ್ನು ತಿರುವುಗಳ ಒಳಅಂಚಿಗೆ ಅಂಟಿಕೊಂಡು, ಸಾಧ್ಯವಿರುವ ಅತಿ ಹತ್ತಿರದ ಹಾದಿಯಲ್ಲಿ ಅಳೆದಿರುತ್ತಾರೆ. ಜನರನ್ನು ಬಳಸಿಕೊಂಡು, ನೀರಿಗೆಂದು ರಸ್ತೆಯ ಆಚೀಚೆ ಹೋಗುವ ನೀವು ಅದಕ್ಕಿಂತ ಹೆಚ್ಚು ಓಡುತ್ತೀರಿ. ಕೊನೆಯಲ್ಲಿ ಗಡಿಯಾರ 21.3 ಅಥವಾ 21.4 ಎಂದು ತೋರಿಸುವುದು ಸಾಮಾನ್ಯ. ಆದ್ದರಿಂದ ರಸ್ತೆ ಬದಿಯ ಕಿಲೋಮೀಟರ್ ಫಲಕ ಮತ್ತು ಕಳೆದ ಒಟ್ಟು ಸಮಯ, ಇವೆರಡನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ನೀರಿನ ವಿಷಯದಲ್ಲಿ ಬಾಯಾರಿಕೆಯ ಮಾತು ಕೇಳಿದರೆ ಸಾಕು. ಪ್ರತಿ ಮೇಜಿನಲ್ಲೂ ಹೊಟ್ಟೆ ತುಂಬ ಕುಡಿಯುವುದು ಎಚ್ಚರಿಕೆಯಲ್ಲ, ಅಪಾಯ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಮಟ್ಟ ಇಳಿದುಹೋಗಿತ್ತು, ಓಡುವಾಗ ಅತಿಯಾಗಿ ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲಿ ಅದು ಹೆಚ್ಚಾಗಿತ್ತು. ಎರಡು ಗಂಟೆ ಮೀರುವ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ನೆರವಾಗುತ್ತದೆ: ಸುಮಾರು 40ನೇ ನಿಮಿಷಕ್ಕೊಂದು, 80ನೇ ನಿಮಿಷಕ್ಕೊಂದು ಜೆಲ್ (ಪೊಟ್ಟಣದಲ್ಲಿ ಬರುವ ಸಿಹಿ ಪಾಕ), ಜೊತೆಗೆ ಎರಡು ಗುಟುಕು ನೀರು. ಆದರೆ ಲಾಂಗ್ ರನ್‌ನಲ್ಲಿ ಹೊಟ್ಟೆ ಒಪ್ಪಿಕೊಂಡ ಜೆಲ್ ಅನ್ನೇ ಒಯ್ಯಿರಿ. ಬಿಸಿಲು ಜೋರಾಗಿದ್ದರೆ ಮೈ ತಂಪಾಗಿಸಲು ರಕ್ತದ ಒಂದು ಪಾಲು ಚರ್ಮದ ಕಡೆ ಹರಿಯುತ್ತದೆ, ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ. ಅಂಥ ದಿನ ಸಮಯದ ಗುರಿಯನ್ನು ಹೊರಡುವ ಮೊದಲೇ ಸಡಿಲಿಸಿಕೊಳ್ಳುವುದು ಜಾಣತನ.

ನಡೆದದ್ದು ಸೋಲೇ ಎಂದು ಕೇಳಿದ್ದೀರಿ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೊವೇ, ಓಟದ ನಡುನಡುವೆ ಬೇಕೆಂದೇ ನಡೆಯುವುದನ್ನು ಒಂದು ಪದ್ಧತಿಯಾಗಿ ರೂಪಿಸಿ ಕಲಿಸಿದವರು. ಕಾಲು ಸೋತ ಮೇಲೆ ನಡೆಯುವುದು ಬೇರೆ, ಸೋಲುವ ಮೊದಲೇ ನಡೆಯುವುದು ಬೇರೆ ಎಂಬುದೇ ಅದರ ಮರ್ಮ. ನಿಮಗೆ ಒಪ್ಪುವುದಾದರೆ ಮೂರನೇ ಕಿಲೋಮೀಟರಿನಿಂದಲೇ ಪ್ರತಿ ನೀರಿನ ಮೇಜಿನ ಬಳಿ ಮೂವತ್ತು ಸೆಕೆಂಡು ಬಿರುಸಾಗಿ ನಡೆಯಿರಿ. ಏಳೆಂಟು ಮೇಜುಗಳಿದ್ದರೂ ಕಳೆದುಕೊಳ್ಳುವುದು ಎರಡು-ಮೂರು ನಿಮಿಷ; ಕಳೆದ ಬಾರಿ ಕೊನೆಯ ಐದು ಕಿಲೋಮೀಟರಿಗೇ ನಿಮಗೆ 55 ನಿಮಿಷ ಹಿಡಿದಿತ್ತು.

ಮುಂದಿನ ಸ್ಪರ್ಧೆಯಲ್ಲಿ 16ನೇ ಕಿಲೋಮೀಟರ್ ಫಲಕ ದಾಟುವಾಗ ನಿಮ್ಮ ಗಡಿಯಾರದಲ್ಲಿ 1 ಗಂಟೆ 42 ನಿಮಿಷ ಇರಲಿ. ಕಳೆದ ಬಾರಿಗಿಂತ ಅಲ್ಲಿಗೆ ಆರು ನಿಮಿಷ ತಡವಾಗಿ ಬಂದಿರುತ್ತೀರಿ. ಅದೇ ಪೇಸ್ ಉಳಿದರೆ ಹದಿನಾರು ನಿಮಿಷ ಮೊದಲೇ ಮುಗಿಸುತ್ತೀರಿ.