ಮಾಕ್‌ನಲ್ಲಿ 90 ಬರ್ತಿದೆ, ಆರ್‌ಎಚ್‌ಸಿಎಸ್‌ಎ ಬುಕ್ ಮಾಡಲಾ ಸರ್?

ಈ ಪ್ರಶ್ನೆ ವಾರಕ್ಕೊಂದಾದರೂ ಬರುತ್ತದೆ. ಆರ್‌ಎಚ್‌ಸಿಎಸ್‌ಎ ಅಂದರೆ ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಅಡ್ಮಿನ್ ಪರೀಕ್ಷೆ, ಮಾಕ್ ಅಂದರೆ ಅದಕ್ಕೆ ಮೊದಲು ಮಾಡುವ ಅಭ್ಯಾಸ ಪರೀಕ್ಷೆ. ಕೇಳುವವರು ಬೇರೆ ಬೇರೆ, ಆ 90 ಮಾತ್ರ ಅದೇ. ನಾನೂ ಒಂದು ಮರುಪ್ರಶ್ನೆ ಇಟ್ಟುಕೊಂಡಿದ್ದೇನೆ: ಆ ಮಾಕ್ ಎಷ್ಟನೇ ಸಲ ಮಾಡಿದ್ದು?

"ಮೂರನೇ ಸಲ ಸರ್."

ಮೂರನೇ ಸಲ ಬಂದ 90 ನಿಮ್ಮ ಜ್ಞಾಪಕಶಕ್ತಿಗೆ ಬಿದ್ದ ಅಂಕ. ನಾಲ್ಕರಲ್ಲಿ ಒಂದಕ್ಕೆ ಟಿಕ್ ಹಾಕುವ ಮಾಕ್ ಆಗಿದ್ದರಂತೂ ಲೆಕ್ಕಕ್ಕೇ ತಗೋಬೇಡಿ. ಇಎಕ್ಸ್ 200ರಲ್ಲಿ, ಅಂದರೆ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲಿ, ಟಿಕ್ ಹಾಕುವ ಪ್ರಶ್ನೆ ಒಂದೂ ಇಲ್ಲ. ಎದುರಿಗೆ ಮಷೀನ್ ಇರುತ್ತದೆ, ಕೆಲಸ ಮಾಡಿ ತೋರಿಸಬೇಕು. 300ಕ್ಕೆ 210 ಬಂದರೆ ಪಾಸ್. ಇಂಟರ್ನೆಟ್ ಇರುವುದಿಲ್ಲ.

ಡಂಪ್ (ಸೋರಿದ ಪ್ರಶ್ನೋತ್ತರ) ಉರು ಹೊಡೆದವರು ಎಡವುವ ಜಾಗ ಇನ್ನೊಂದಿದೆ. ನೀವು ಮಾಡಿದ್ದೆಲ್ಲ ರೀಬೂಟ್ ಆದ ಮೇಲೂ ಹಾಗೇ ಇರಬೇಕು. ಸರ್ವಿಸ್ ಸ್ಟಾರ್ಟ್ ಮಾಡಿ, ಬೂಟ್ ಆದಾಗ ತಾನೇ ಶುರುವಾಗುವಂತೆ ಎನೇಬಲ್ ಮಾಡದಿದ್ದರೆ ಹೋಯಿತು. ಫೈರ್‌ವಾಲ್‌ಗೆ 'ಪರ್ಮನೆಂಟ್' ಸೇರಿಸದಿದ್ದರೂ ಅಷ್ಟೇ. ನಾನು ಮೊದಲ ಸಲ ಕೂತಾಗ ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕು ಅನ್ನುವ ಪಟ್ಟಿ) ಡಿಸ್ಕಿನ ಗುರುತಾದ ಯುಯುಐಡಿಯ ಒಂದೇ ಒಂದು ಅಕ್ಷರ ತಪ್ಪು ಬರೆದಿದ್ದೆ. ಆ ಪಟ್ಟಿಯನ್ನು ಆಗಲೇ ಜೋಡಿಸಿ ನೋಡುವ 'ಮೌಂಟ್ ಹೈಫನ್ ಎ' ಕಮಾಂಡ್ ಹೊಡೆದು ನೋಡಿದ್ದರೆ ಅಲ್ಲೇ ಬೈಯುತ್ತಿತ್ತು. ನೋಡಲಿಲ್ಲ, ರೀಬೂಟ್ ಕೊಟ್ಟೆ. ಮಷೀನ್ ಎಮರ್ಜೆನ್ಸಿ ಮೋಡ್‌ನಲ್ಲಿ ಕೂತು ರೂಟ್ ಪಾಸ್‌ವರ್ಡ್ ಕೇಳಿತು. ಅಂಗೈ ಬೆವರಿದ್ದು ಇವತ್ತಿಗೂ ನೆನಪಿದೆ. ಮಷೀನೇ ಏಳದಿದ್ದರೆ ಅಂಕ ಎಲ್ಲಿಂದ ಬರಬೇಕು?

ಹಾಗಾದರೆ ರೆಡಿ ಅಂತ ಗೊತ್ತಾಗುವುದು ಹೇಗೆ? ಹೊಸದಾಗಿ ಎರಡು ವಿಎಂ (ಕಂಪ್ಯೂಟರ್ ಒಳಗೇ ಓಡುವ ವರ್ಚುವಲ್ ಮಷೀನ್) ಹಾಕಿ. ಕೆಲಸಗಳ ಪಟ್ಟಿಯನ್ನು ಸ್ನೇಹಿತರ ಕೈಲಿ ಬರೆಸಿ, ನೀವು ಬರೆದುಕೊಂಡರೆ ಬರುವುದನ್ನೇ ಬರೆಯುತ್ತೀರಿ. ಫೋನು, ನೋಟ್ಸು ಬೇರೆ ಕೋಣೆಯಲ್ಲಿರಲಿ. ಮುಗಿದ ಮೇಲೆ ಎರಡನ್ನೂ ರೀಬೂಟ್ ಮಾಡಿ, ಆಮೇಲೆ ಚೆಕ್ ಮಾಡಿ. ಬೇರೆ ಬೇರೆ ಪಟ್ಟಿಯಲ್ಲಿ ಮೂರು ಸಲ, ಪರೀಕ್ಷೆಯ ಸಮಯದಲ್ಲಿ ಅರ್ಧ ಗಂಟೆ ಉಳಿಸಿಕೊಂಡು ಮುಗಿಸಿದರೆ ಬುಕ್ ಮಾಡಿ. ಆಮೇಲೆ ಮುಂದೂಡಿದರೆ ಅದು ತಯಾರಿಯಲ್ಲ, ಸುಮ್ನೆ ಭಯ.

ಯಾರೂ ಕೇಳದ ಒಂದು ಮಾತು. ಕಮಾಂಡ್ ಎಲ್ಲ ಬಾಯಿಪಾಠ ಮಾಡಬೇಕಾ? ಬೇಡ ಕಣ್ರೀ. ಇಂಟರ್ನೆಟ್ ಇಲ್ಲದಿದ್ದರೂ ಮ್ಯಾನ್ ಪೇಜ್, ಅಂದರೆ ಮಷೀನ್‌ನಲ್ಲೇ ಇರುವ ಕಮಾಂಡ್ ಕೈಪಿಡಿ, ಇರುತ್ತದೆ. ವೆಬ್ ಸರ್ವರ್ ಅಪಾಚೆಗೆ 82ನೇ ಪೋರ್ಟ್ ಬೇಕು, ಲಿನಕ್ಸ್‌ನ ಭದ್ರತಾ ಕಾವಲು ಎಸ್‌ಇಲಿನಕ್ಸ್ ಬಿಡುತ್ತಿಲ್ಲ ಅಂದುಕೊಳ್ಳಿ. 'ಮ್ಯಾನ್ ಸೆಮ್ಯಾನೇಜ್ ಹೈಫನ್ ಪೋರ್ಟ್' ತೆಗೆದು ಕೆಳಗೆ ಹೋದರೆ, ಅಪಾಚೆಗೆ 81 ಕೊಡುವ ಪೂರ್ತಿ ಸಾಲೇ ಉದಾಹರಣೆಯಾಗಿ ಕೂತಿದೆ. ಒಂದು ಅಂಕಿ ಬದಲಿಸಿದರೆ ಆಯ್ತು. ಕೆಳಗೆ ಹೋಗಲು ಸ್ಕ್ರೋಲ್ ಮಾಡುತ್ತಾ ಕೂರಬೇಡಿ, ಶಿಫ್ಟ್ ಹಿಡಿದು ಜಿ ಒತ್ತಿ.