ಬೆಳಿಗ್ಗೆ ಹಾರಲು ಸಿದ್ಧ ಇರುವುದು ಎಷ್ಟು?

ಯುದ್ಧವಿಮಾನ ಖರೀದಿಯ ಸುದ್ದಿ ಬಂದ ದಿನ ನನ್ನ ಫೋನಿಗೆ ಬಿಡುವಿರುವುದಿಲ್ಲ. ವಾಯುಪಡೆಗೆ ಎಂಜಿನ್ ಫಿಟ್ಟರ್ ಆಗಿ ಸೇರಿ, ವಾರಂಟ್ ಆಫೀಸರ್ ಆಗಿ ನಿವೃತ್ತನಾಗಿ, ವಾಯುಪಡೆಯ ಪೈಲಟ್ ತರಬೇತಿ ನೆಲೆ ಇರುವ ಬೀದರಿನಲ್ಲೇ ಮನೆ ಮಾಡಿಕೊಂಡವನು ನಾನು. ಈಗ ವಾಯುಪಡೆ, ನೌಕಾಪಡೆಯ ಭರ್ತಿ ಪರೀಕ್ಷೆಗೆ ಓದುವ ಹುಡುಗರಿಗೆ ಪಾಠ ಹೇಳುತ್ತೇನೆ. ಆ ಹುಡುಗರು, ಅವರ ಅಪ್ಪಂದಿರು, ನೌಬಾದಿನ ಚಹಾ ಅಂಗಡಿಯಲ್ಲಿ ಸಿಗುವವರು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: “ಸರ್, ಈಗ ನಮ್ ಬಲ್ಲಿ ಒಟ್ಟು ಎಷ್ಟ್ ವಿಮಾನ ಆದ್ವು? ಅವರ ಬಲ್ಲಿ ಎಷ್ಟ್ ಅದಾವ?”

2025ರ ಸೆಪ್ಟೆಂಬರ್ 25ರಂದು 97 ತೇಜಸ್ ಮಾರ್ಕ್-1ಎ ವಿಮಾನಗಳ ಒಪ್ಪಂದಕ್ಕೆ ಸಹಿ ಬಿತ್ತು. ಮಾರನೆಯ ದಿನ ಚಂಡೀಗಢದಲ್ಲಿ ಮಿಗ್-21ಕ್ಕೆ ಬೀಳ್ಕೊಡುಗೆ ಆಯಿತು. 1963ರಿಂದ ದುಡಿದ ವಿಮಾನ ಅದು. ಆ ವಾರ ಒಬ್ಬ ಹುಡುಗ ಬೋರ್ಡಿನ ಮೇಲೆ ಕೂಡಿಸಿ ತೋರಿಸಿದ: 2021ರಲ್ಲಿ ಆದ 83, ಈಗಿನ 97, ಒಟ್ಟು 180. “ಮಿಗ್ ಹೋದ್ರ ಹೋಗಲಿ ಬಿಡ್ರಿ ಸರ್, ಇಷ್ಟು ಬಂದ್ವಲ್ಲ.” ಹುಡುಗ ಚುರುಕು, ಗಣಿತದಲ್ಲಿ ಮುಂದೆ ಇದ್ದಾನೆ. ಆದರೆ ಆ 180ರಲ್ಲಿ ಅವತ್ತಿನವರೆಗೆ ವಾಯುಪಡೆಯ ಕೈಗೆ ಒಂದೂ ಬಂದಿರಲಿಲ್ಲ. 83ಕ್ಕೆ ಸಹಿ ಆದದ್ದು 2021ರ ಫೆಬ್ರುವರಿಯಲ್ಲಿ. ಅವಕ್ಕೆ ಬೇಕಾದ ಎಫ್-404 ಎಂಜಿನ್‌ಗಳಲ್ಲಿ ಮೊದಲನೆಯದನ್ನು ಅಮೆರಿಕದ ಕಂಪನಿ ಒಪ್ಪಿಸಿದ್ದು 2025ರ ಮಾರ್ಚಿನಲ್ಲಿ. ಹೊಸ 97ರ ಪೂರೈಕೆ 2027-28ರಲ್ಲಿ ಶುರುವಾಗಿ ಆರು ವರ್ಷ ನಡೆಯಬೇಕು. ಮಿಗ್ ಹೋದ ಮೇಲೆ ವಾಯುಪಡೆಯಲ್ಲಿ ಉಳಿದದ್ದು 29 ಫೈಟರ್ ಸ್ಕ್ವಾಡ್ರನ್, ಅಂದರೆ ಯುದ್ಧವಿಮಾನಗಳ ತುಕಡಿ. ಮಂಜೂರಾತಿ ಇರುವುದು 42ಕ್ಕೆ.

ಬರಲಿರುವುದನ್ನು ಬಂದಿದೆ ಎಂದು ಎಣಿಸುವ ತಪ್ಪು ಒಂದೆರಡು ಸಲ ಹೇಳಿದರೆ ತಿದ್ದಿಕೊಳ್ಳುತ್ತಾರೆ. ಬಂದದ್ದೆಲ್ಲ ಹಾರುತ್ತದೆ ಎಂದು ಎಣಿಸುತ್ತಾರಲ್ಲ, ಅದನ್ನು ಬಿಡಿಸುವುದರಲ್ಲೇ ನನಗೆ ಸಾಕುಸಾಕಾಗುತ್ತದೆ. ಹಾಗಾಗಿ ಅದೊಂದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ. ನಾನು ಸೇವೆಯಿಂದ ಹೊರಬಂದವನು. ಇಲ್ಲಿ ಹೇಳುವ ಅಂಕಿಗಳು ಸರ್ಕಾರಿ ವರದಿ, ಪತ್ರಿಕೆಗಳಲ್ಲಿ ಬಂದಂಥವು. ಇವತ್ತು ಯಾವ ನೆಲೆಯಲ್ಲಿ ಎಷ್ಟು ಸಿದ್ಧ ಎಂಬುದನ್ನು ಯಾರೂ ಹೇಳಬಾರದು, ಹೇಳಿದವರನ್ನು ನಂಬಲೂಬಾರದು.

ನೌಕಾಪಡೆಯ ಉದಾಹರಣೆ ತೆಗೆದುಕೊಳ್ಳಿ. ವಿಮಾನವಾಹಕ ಹಡಗುಗಳಿಗಾಗಿ ರಷ್ಯಾದಿಂದ 45 ಮಿಗ್-29ಕೆ ವಿಮಾನ ಕೊಂಡೆವು. ಪುಸ್ತಕದಲ್ಲಿ 45 ಇವೆ, ಹುಡುಗರೂ 45 ಎಂದೇ ಬಾಯಿಪಾಠ ಮಾಡುತ್ತಾರೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2016ರ ವರದಿ ಆ ಹಿಂದಿನ ವರ್ಷಗಳನ್ನು ನೋಡಿ, ಒಂದೇ ಸೀಟಿನ ಈ ವಿಮಾನಗಳಲ್ಲಿ ಹಾರಲು ಸಿದ್ಧವಾಗಿದ್ದದ್ದು ಶೇ 15.93ರಿಂದ 37.63ರಷ್ಟು ಎಂದಿತು. ಅಂದರೆ ಕೆಟ್ಟ ಕಾಲದಲ್ಲಿ ನೂರಕ್ಕೆ ಹದಿನಾರು, ಒಳ್ಳೆಯ ಕಾಲದಲ್ಲಿ ನೂರಕ್ಕೆ ಮೂವತ್ತೆಂಟು. ವಿಮಾನಗಳು ಆಗ ಹೊಸವೇ, 2010ರಲ್ಲಿ ಸೇವೆಗೆ ಬಂದಂಥವು. ಎಂಜಿನ್ನಿನಲ್ಲಿ ದೋಷ ಇತ್ತು. ತೆಗೆದ ಎಂಜಿನ್ ದುರಸ್ತಿಯಾಗಿ ಬರುವವರೆಗೆ ವಿಮಾನ ಹ್ಯಾಂಗರಿನಲ್ಲಿ ಕೂರಬೇಕಿತ್ತು. ವಾಯುಪಡೆಯ ಸುಖೋಯ್-30ರ ವಿಷಯದಲ್ಲೂ ಹಾಗೇ, ಶೇ 75 ಸಿದ್ಧ ಇರಬೇಕಾದಲ್ಲಿ ಇರುವುದು 55-60 ಎಂದು ಸಿಎಜಿ 2015ರಲ್ಲಿ ಬರೆಯಿತು. ಇವೆಲ್ಲ ಆ ಕಾಲದ ಲೆಕ್ಕ, ಈಗಿನದು ಬೇರೆ ಇದ್ದೀತು. ಆದರೂ ಈ ಎರಡು ಸಾಲು ಓದಿದ ಮೇಲೆ “ಒಟ್ಟು ಎಷ್ಟು” ಎಂಬ ಪ್ರಶ್ನೆಗೆ ಏನು ಬೆಲೆ ಉಳಿಯಿತು ಹೇಳಿ.

ಔರಾದ್ ಕಡೆಯ ಒಬ್ಬ ರೈತರು, ನನ್ನ ಶಿಷ್ಯನ ಅಪ್ಪ, ಇದನ್ನು ಬೇಗ ಹಿಡಿದರು. ಅಂಗಳದಲ್ಲಿ ಮೂರು ಟ್ರ್ಯಾಕ್ಟರ್ ನಿಂತಿವೆ, ತೊಗರಿ ಬಿತ್ತುವ ಹದ ಬಂದ ದಿನ ಒಂದರ ಪಂಪು ಹೈದರಾಬಾದಿಗೆ ಹೋಗಿದೆ, ಇನ್ನೊಂದಕ್ಕೆ ಡ್ರೈವರ್ ಇಲ್ಲ. ಆಗ ಊರವರು ಮೂರು ಅನ್ನಬಹುದು, ಬಿತ್ತುವವನಿಗೆ ಇರುವುದು ಒಂದೇ.

ವಿಮಾನ ಯಾಕೆ ನಿಲ್ಲುತ್ತದೆ? ಕೆಟ್ಟು ನಿಲ್ಲುವುದು ಕಡಿಮೆ. ಹೆಚ್ಚಿನವು ನಿಯಮದ ಪ್ರಕಾರ ನಿಲ್ಲುತ್ತವೆ. ಪ್ರತಿ ಮುಖ್ಯ ಭಾಗಕ್ಕೂ ಆಯುಷ್ಯ ಬರೆದಿರುತ್ತದೆ: ಇಷ್ಟು ಗಂಟೆ ಹಾರಾಟ, ಇಲ್ಲವೇ ಇಷ್ಟು ವರ್ಷ, ಯಾವುದು ಮೊದಲೋ ಅದು. ಹಾರದೆ ನಿಂತಿದ್ದರೂ ರಬ್ಬರ್ ಸೀಲಿಗೆ, ಅಪಾಯದಲ್ಲಿ ಪೈಲಟನ್ನು ಹೊರಕ್ಕೆ ಚಿಮ್ಮಿಸುವ ಕುರ್ಚಿಯ ಕೆಳಗಿನ ಸ್ಫೋಟಕಕ್ಕೆ, ಪ್ಯಾರಾಶೂಟಿಗೆ ವಯಸ್ಸಾಗುತ್ತದೆ. ಅವಧಿ ಮುಗಿದ ಭಾಗಕ್ಕೆ ಬದಲಿ ಸ್ಟೋರ್ಸಿನಲ್ಲಿ ಇಲ್ಲದಿದ್ದರೆ ನೂರಾರು ಕೋಟಿಯ ವಿಮಾನ ಅಂಗೈಯಲ್ಲಿ ಹಿಡಿಯುವ ಒಂದು ವಾಲ್ವಿಗಾಗಿ ಕಾಯುತ್ತದೆ. ಆಗ ಪಕ್ಕದ ವಿಮಾನದಿಂದ ಬಿಚ್ಚಿ ಹಾಕುತ್ತಾರೆ. ಇದು ಹಾರುತ್ತದೆ, ಅದು ನಿಲ್ಲುತ್ತದೆ, ಒಂದು ಕೆಲಸಕ್ಕೆ ಎರಡು ಸಲ ಬಿಚ್ಚಿ ಕಟ್ಟುವ ಶ್ರಮ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಬಿಡಿಭಾಗಗಳು ತಡವಾದಾಗ ನಮ್ಮ ತಂತ್ರಜ್ಞರಿಗೆ ಏನಾಗಿರಬಹುದು ಎಂಬುದು ಆ ಕೆಲಸ ಮಾಡಿದವರಿಗೆ ಗೊತ್ತು.

ಇನ್ನೂ ಹತ್ತಿರದಿಂದ ತೋರಿಸಬೇಕೆಂದರೆ, ಸ್ಪ್ಯಾನರ್ ಬೋರ್ಡಿನ ಮುಂದೆ ನಿಲ್ಲಿಸಬೇಕು. ಹ್ಯಾಂಗರಿನ ಗೋಡೆಯ ಮೇಲೆ ಪ್ರತಿ ಉಪಕರಣದ ಆಕಾರವನ್ನು ಬಣ್ಣದಲ್ಲಿ ಬರೆದಿರುತ್ತದೆ. ಕೆಲಸ ಮುಗಿದ ಮೇಲೆ ಒಂದು ಆಕಾರ ಖಾಲಿ ಕಂಡರೆ ಆ ವಿಮಾನ ಅಲುಗುವಂತಿಲ್ಲ. ಒಂದು ಸಂಜೆ ಕಿರಣ್ ಎಂಬ ತರಬೇತಿ ವಿಮಾನದ ಕೆಲಸ ಮುಗಿಸಿದ್ದೆವು. ಒಂದು ಸಣ್ಣ ಸ್ಕ್ರೂಡ್ರೈವರ್ ಲೆಕ್ಕಕ್ಕೆ ಸಿಗಲಿಲ್ಲ. ಜೇಬು, ಟ್ರಾಲಿ, ನೆಲ ಎಲ್ಲ ನೋಡಿದೆವು. ಕೊನೆಗೆ ಮುಚ್ಚಿದ್ದ ಪ್ಯಾನೆಲ್‌ಗಳನ್ನು ಒಂದೊಂದಾಗಿ ಮತ್ತೆ ಬಿಚ್ಚಿದೆವು. ನಡುರಾತ್ರಿ ದಾಟಿದ ಮೇಲೆ ಆರ್ಫಿಯಸ್ ಎಂಜಿನ್ನಿನ ಪಕ್ಕದ ಇಂಧನ ಪೈಪಿನ ಹಿಂದೆ ಟಾರ್ಚಿನ ಬೆಳಕಿಗೆ ಅದರ ಹಿಡಿ ಕಂಡಿತು. ಅದನ್ನು ತೆಗೆದು, ಎಲ್ಲ ಕಟ್ಟಿ, ವಿಮಾನದ ದಾಖಲೆ ಪುಸ್ತಕವಾದ ಫಾರ್ಮ್ 700ರಲ್ಲಿ ಬರೆದು, ಸಹಿ ಹಾಕಿ ಹೊರಬಂದಾಗ ಬೆಳಗಿನ ಪಾಳಿಯ ಹುಡುಗರು ಟಾರ್ಮ್ಯಾಕಿನ ಮೇಲೆ ಸಾಲಾಗಿ ನಡೆಯುತ್ತ ಕಲ್ಲು ಆಯುತ್ತಿದ್ದರು. ಬೀದರಿನ ಕೆಂಪು ಜಂಬಿಟ್ಟಿಗೆಯ ಚೂರು ಒಂದು ಎಂಜಿನ್ ಒಳಗೆ ಹೋದರೆ ಸಾಕು, ಬ್ಲೇಡ್ ಹಾಳು. ಪೈಲಟ್ ಆ ಪುಸ್ತಕ ತೆರೆದು ನಮ್ಮ ಸಹಿಯ ಕೆಳಗೆ ತನ್ನ ಸಹಿ ಹಾಕಿ ಹತ್ತುತ್ತಾನೆ. ಆ ಹುಡುಗನ ಮುಖ ನೋಡಿದವರಾರೂ ಅವಸರ ಮಾಡುವುದಿಲ್ಲ.

ಇದೆಲ್ಲ ವಿಮಾನ ಹಾರುವ ಮಾತು. ಏನು ಹೊತ್ತು ಹಾರುತ್ತದೆ ಎಂಬುದು ಬೇರೆ ಲೆಕ್ಕ. ಕ್ಷಿಪಣಿ ಕೊಂಡು ರೆಕ್ಕೆಗೆ ಕಟ್ಟಿದರೆ ಆಯಿತು ಎಂದು ಎಷ್ಟೋ ಜನ ತಿಳಿದಿದ್ದಾರೆ. ಸುಖೋಯ್‌ಗೆ ಬ್ರಹ್ಮೋಸ್ ಜೋಡಿಸಿದ ಕಥೆ ನೋಡಿ. ವಿಮಾನಕ್ಕಾಗಿ ಹಗುರ ಮಾಡಿದ ಮೇಲೂ ಆ ಕ್ಷಿಪಣಿಯ ತೂಕ ಎರಡೂವರೆ ಟನ್. ಅದನ್ನು ಹೊರಲು ವಿಮಾನದ ಹೊಟ್ಟೆಯ ಭಾಗವನ್ನೇ ಗಟ್ಟಿ ಮಾಡಬೇಕಾಯಿತು, ಹೊಸ ಲಾಂಚರ್ ಮಾಡಬೇಕಾಯಿತು, ವಿಮಾನದ ಕಂಪ್ಯೂಟರು ಕ್ಷಿಪಣಿಯ ಜೊತೆ ಮಾತಾಡುವಂತೆ ಸಾಫ್ಟ್‌ವೇರ್ ಬರೆಯಬೇಕಾಯಿತು. ವರ್ಷಗಳ ಕೆಲಸ. ಸುಖೋಯ್‌ನಿಂದ ಮೊದಲ ಉಡಾವಣೆ ಆದದ್ದು 2017ರ ನವೆಂಬರಿನಲ್ಲಿ, ಅದಕ್ಕೆಂದೇ ತಂಜಾವೂರಿನಲ್ಲಿ ಸ್ಕ್ವಾಡ್ರನ್ ಕಟ್ಟಿದ್ದು 2020ರ ಜನವರಿಯಲ್ಲಿ. ಸುಖೋಯ್ ನಮ್ಮಲ್ಲಿ ಎಷ್ಟೋ ವರ್ಷಗಳಿಂದ ಇತ್ತು. ಆದರೆ ದೂರದಿಂದಲೇ ಹಡಗನ್ನು ಹೊಡೆಯುವ ಈ ಬಲ ಬಂದದ್ದು ಆಗ. ನನ್ನ ಪ್ರಕಾರ ಆಧುನೀಕರಣ ಅನ್ನುವುದಕ್ಕೆ ಸರಿಯಾದ ಉದಾಹರಣೆ ಇದೇ, ಹೊಸ ವಿಮಾನ ಬಂದ ಫೋಟೊ ಒಂದೂ ಇಲ್ಲದಿದ್ದರೂ.

ಕಾರ್ಗಿಲ್‌ನಲ್ಲೂ ಹೀಗೇ ಆಯಿತು. ಮಿರಾಜ್-2000 ಬಂದದ್ದು 1985ರಲ್ಲಿ. 1999ರಲ್ಲಿ ಯುದ್ಧ ನಡೆಯುತ್ತಿರುವಾಗಲೇ ಅದಕ್ಕೆ ಗುರಿ ತೋರಿಸುವ ಲೈಟ್ನಿಂಗ್ ಪಾಡ್ ಮತ್ತು ಲೇಸರ್ ಬಾಂಬ್ ಜೋಡಿಸಿ, ಜೂನ್ 24ರಂದು ಟೈಗರ್ ಹಿಲ್ ಮೇಲೆ ದಾಳಿ ಮಾಡಿದರು. ಹಗಲು ರಾತ್ರಿ ನಿಂತು ಅದನ್ನು ಜೋಡಿಸಿದ ತಂತ್ರಜ್ಞರ ಹೆಸರು ನಿಮಗೆ ಎಲ್ಲೂ ಸಿಗುವುದಿಲ್ಲ.

ತದ್ವಿರುದ್ಧದ ಉದಾಹರಣೆ ಸಮುದ್ರದೊಳಗಿದೆ. ಕಲ್ವರಿ ಮಾದರಿಯ ಸಬ್‌ಮರೀನ್‌ಗಳಿಗೆ 2005ರಲ್ಲಿ ಒಪ್ಪಂದವಾಯಿತು, ಮೊದಲನೆಯದು 2017ರ ಡಿಸೆಂಬರಿನಲ್ಲಿ ಸೇವೆಗೆ ಬಂತು. ಅವಕ್ಕೆಂದು ಆರಿಸಿದ್ದ ಇಟಲಿಯ ಭಾರೀ ಟಾರ್ಪಿಡೊ ಖರೀದಿ, ಅದೇ ಕಂಪನಿ ಸಮೂಹದ ಅಗಸ್ಟಾವೆಸ್ಟ್‌ಲ್ಯಾಂಡ್ ಹೆಲಿಕಾಪ್ಟರ್ ಹಗರಣದ ಬಿಸಿಗೆ 2016ರಲ್ಲಿ ರದ್ದಾಯಿತು. ಹೊಸ ಸಬ್‌ಮರೀನು ಹಳೆಯ ಟಾರ್ಪಿಡೊ ಹೊತ್ತು ನೀರಿಗಿಳಿಯಬೇಕಾಯಿತು. ಲಂಚದ ತನಿಖೆ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರಿನಡಿ ಇರುವ ನಾವಿಕನ ಕೈಗೆ ಆ ವರ್ಷಗಳಲ್ಲಿ ಏನು ಕೊಟ್ಟೆವು ಎಂದು ಯಾರೂ ಜೋರಾಗಿ ಕೇಳಲಿಲ್ಲ ಎಂಬುದು ನನಗೆ ಇವತ್ತಿಗೂ ಸಂಕಟ.

ಈಗ ನಮ್ಮ ಊರಿನ ಕಥೆ. ಬೀದರಿನವರಿಗೆ ವಾಯುಪಡೆಯ ವೈಮಾನಿಕ ಪ್ರದರ್ಶನ ತಂಡ ಸೂರ್ಯಕಿರಣ ಅಂದರೆ ಮನೆ ಮಕ್ಕಳಿದ್ದ ಹಾಗೆ. 1996ರಲ್ಲಿ ಇಲ್ಲೇ ಹುಟ್ಟಿದ ತಂಡ. 2011ರಲ್ಲಿ ತಂಡದ ಪ್ರದರ್ಶನ ನಿಲ್ಲಿಸಿದಾಗ ಊರೆಲ್ಲ ಕೇಳಿತು, ಯಾಕ್ರಿ ನಿಲ್ಲಿಸಿದ್ರು, ವಿಮಾನ ಕೆಟ್ವೇನು? ಕಾರಣ ಬೇರೆ ಇತ್ತು. 2009ರಲ್ಲಿ ದೀಪಕ್ ಎಂಬ ಆರಂಭಿಕ ತರಬೇತಿ ವಿಮಾನವನ್ನು ಅಪಘಾತಗಳ ಕಾರಣಕ್ಕೆ ನೆಲಕ್ಕಿಳಿಸಿದರು. ಹೊಸಬರಿಗೆ ಮೊದಲ ಪಾಠವನ್ನೂ ಕಿರಣ್ ಮೇಲೆಯೇ ಹೇಳುವ ಹಾಗಾಯಿತು. ಕಿರಣ್ ಸಾಲದೆ ಬಂತು. ಸೂರ್ಯಕಿರಣದ ಕಿರಣ್‌ಗಳೂ ಪಾಠಕ್ಕೆ ಹೋದವು. ದೀಪಕ್ ಬದಲಿಗೆ ಪಿಲಾಟಸ್ ತರಬೇತಿ ವಿಮಾನ ಬಂದದ್ದು 2013ರಲ್ಲಿ, ತಂಡ ಹಾಕ್ ವಿಮಾನದ ಮೇಲೆ ಮತ್ತೆ ಕಟ್ಟಿಕೊಂಡದ್ದು 2015ರಲ್ಲಿ.

ಹಾಕ್ ಬಂದ ಬಗೆಯೂ ಹೇಳಬೇಕಾದ್ದೇ. ಕಿರಣ್‌ನಿಂದ ಇಳಿದ ಹುಡುಗ ನೇರ ಮಿಗ್-21 ಹತ್ತುತ್ತಿದ್ದ ಕಾಲ. ಅದು ನೆಲಕ್ಕಿಳಿಯುವುದೇ ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ. ನಡುವೆ ಒಂದು ಮೆಟ್ಟಿಲು ಬೇಕು, ಜೆಟ್ ತರಬೇತಿ ವಿಮಾನ ಕೊಳ್ಳಿ ಎಂದು ವಾಯುಪಡೆಯ ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. ಹಾಕ್ ಒಪ್ಪಂದ ಆದದ್ದು 2004ರ ಮಾರ್ಚ್, 66 ವಿಮಾನಕ್ಕೆ. ಬೀದರಿನಲ್ಲಿ ಅದು ವಿಧ್ಯುಕ್ತವಾಗಿ ಸೇವೆಗೆ ಸೇರಿದ್ದು 2008ರ ಫೆಬ್ರುವರಿ. 26 ವರ್ಷ. ಆ ನಡುವೆ ಹೋದ ಎಳೆಯ ಪೈಲಟ್‌ಗಳನ್ನು ನೆನೆದರೆ ನನಗೆ ಬರೆಯಲಾಗುವುದಿಲ್ಲ. ಎಲ್ಲ ಅಪಘಾತಕ್ಕೂ ಇದೊಂದೇ ಕಾರಣ ಎನ್ನಲಾರೆ, ತನಿಖೆಗಳು ಹಲವು ಕಾರಣ ಹೇಳಿವೆ. ಆದರೂ ಫೈಟರ್ ವಿಮಾನ ಎಣಿಸುವವರು ಪೈಲಟ್ ಎಲ್ಲಿ ತಯಾರಾಗುತ್ತಾನೆ ಎಂದು ಕೇಳಬೇಕಿತ್ತು. ಅದು ನಮ್ಮ ತಲೆಯ ಮೇಲೇ ದಿನವೂ ನಡೆಯುವ ಕೆಲಸ. ನೌಕಾಪಡೆಗೂ 17 ಹಾಕ್ ಕೊಂಡರು, ಅವು ವಿಶಾಖಪಟ್ಟಣದಲ್ಲಿವೆ.

“ಹಳೇ ವಿಮಾನ ಅದಾವಂತ, ಮಗನ್ನ ಕಳಿಸ್ಲೋ ಬ್ಯಾಡೋ ಸಾಹೇಬ್ರ?” ಎಂದು ತಾಯಂದಿರು ಕೇಳುತ್ತಾರೆ. ಅಕ್ಕಾ, ವಿಮಾನದ ವಯಸ್ಸು ಒಂದೇ ನೋಡಿ ಹೆದರಬೇಡಿ ಎನ್ನುತ್ತೇನೆ. ಜಾಗ್ವಾರ್ ಯುದ್ಧವಿಮಾನ 1979ರದ್ದು ನಿಜ, ಆದರೆ ಹಾರುತ್ತಿರುವವುಗಳಲ್ಲಿ ಎಷ್ಟೋ ವಿಮಾನಗಳಿಗೆ ರೇಡಾರ್, ಕಂಪ್ಯೂಟರ್ ಎಲ್ಲ ಹೊಸದು ಹಾಕಿದ್ದಾರೆ. ಬಿಡಿಭಾಗ ಸಿಗುವ ಹಳೆಯ ವಿಮಾನ, ಬಿಡಿಭಾಗ ಸಿಗದ ಹೊಸದಕ್ಕಿಂತ ಮೇಲು. ಹಾಗೆಂದು ಹಳೆಯದರಲ್ಲೇ ಕಾಲ ಕಳೆಯಬಹುದು ಎಂದು ನಾನು ಹೇಳಿದೆ ಅಂತ ಯಾರೂ ತಿರುಚಬಾರದು. ಲೋಹಕ್ಕೂ ಆಯಾಸ ಇದೆ, ಅದಕ್ಕೊಂದು ಕೊನೆ ಇದೆ.

ಇನ್ನು ಮುಂದೆ ಖರೀದಿ ಸುದ್ದಿ ಓದುವಾಗ ಸಂಖ್ಯೆಯ ಕೆಳಗಿನ ಸಾಲು ಹುಡುಕಿ. 2025ರ ಏಪ್ರಿಲ್ 28ರಂದು ನೌಕಾಪಡೆಗೆ 26 ರಫೇಲ್-ಎಂ ವಿಮಾನಗಳ ಒಪ್ಪಂದ ಆಯಿತು. ಎಲ್ಲರೂ 26 ಓದಿದರು, 63,000 ಕೋಟಿ ಓದಿದರು. ನನಗೆ ಸಮಾಧಾನ ಕೊಟ್ಟದ್ದು ಅದರ ಕೆಳಗೆ ಬರೆದದ್ದು: ತರಬೇತಿ, ಸಿಮ್ಯುಲೇಟರ್, ಶಸ್ತ್ರಗಳು, ಜೊತೆಗೆ ಸಿದ್ಧತೆಗೆ ತಕ್ಕಂತೆ ಹಣ ಕೊಡುವ ನಿರ್ವಹಣಾ ಷರತ್ತು. ವಾಯುಪಡೆಯ 36 ರಫೇಲ್‌ಗಳಿಗೂ ಇಂಥ ಷರತ್ತಿತ್ತು, ಶೇ 75 ಸಿದ್ಧ ಇರಲೇಬೇಕೆಂದು. ಮಿಗ್-29ಕೆಯಲ್ಲಿ ಪಟ್ಟ ಪಾಡಿನಿಂದ ಯಾರೋ ಪಾಠ ಕಲಿತಿದ್ದಾರೆ.

ಬೀದರಿನವರಿಗೆ ಒಂದು ಕೆಲಸವೂ ಇದೆ, ದೆಹಲಿಗೆ ಹೋಗದೆ ಮಾಡುವಂಥದ್ದು. ವಿಮಾನ ನೆಲೆಯ ಸುತ್ತ 10 ಕಿಲೋಮೀಟರ್ ಒಳಗೆ ಹಕ್ಕಿ ಸೆಳೆಯುವಂತೆ ಕಸ, ಮಾಂಸದ ತ್ಯಾಜ್ಯ ಎಸೆಯಬಾರದೆಂಬ ನಿಯಮವಿದೆ. ಇಡೀ ಊರು ಆ ವ್ಯಾಪ್ತಿಯೊಳಗೇ ಬರುತ್ತದೆ. ಹಾಕ್‌ಗೆ ಇರುವುದು ಒಂದೇ ಎಂಜಿನ್. ಇಳಿಯುವಾಗ ಒಂದು ಹದ್ದು ಒಳಗೆ ಹೋದರೆ ಪೈಲಟ್ ಉಳಿದರೂ ಎಂಜಿನ್ ತಿಂಗಳುಗಟ್ಟಲೆ ಹೊರಗೆ. ಚಿದ್ರಿ ರಸ್ತೆಯ ಬದಿಗೆ ಕೋಳಿ ತ್ಯಾಜ್ಯದ ಚೀಲ ಎಸೆಯುವವರಿಗೆ ಇದನ್ನು ನಿಂತು ಹೇಳಿ. ಜಗಳ ಬೇಡ, ಕಸದ ಗಾಡಿ ಯಾವ ಹೊತ್ತಿಗೆ ಬರುತ್ತದೆ ಎಂದು ತಿಳಿಸಿದರೂ ಸಾಕು.