ತೂಬು ಎತ್ತೋದು ಯಾವಾಗ? ಒಮ್ಮತದ ಸಭೆಯಲ್ಲಿ ಯಾರ ಕೆಲಸ ಏನು

ಮತ ಹಾಕಿ ತೀರ್ಮಾನ ಮಾಡುವುದು ಎಲ್ಲರಿಗೂ ಗೊತ್ತು. ಕೈ ಎತ್ತಿಸಿ ಎಣಿಸಿದರೆ ಮುಗಿಯಿತು. ಒಮ್ಮತದ ಸಭೆಯಲ್ಲಿ ಎಣಿಕೆ ಇಲ್ಲ. ಯಾರೂ ‘ಇದು ಆಗೋದೇ ಇಲ್ಲ’ ಅನ್ನದಂಥ ತೀರ್ಮಾನ ಸಿಗುವ ತನಕ ಮಾತಾಡಬೇಕು. ಅದಕ್ಕೇ ಸಭೆ ನಡೆಸುವವರ ಮೇಲೆ ಭಾರ ಜಾಸ್ತಿ. ಹೀಗೆ ಸಭೆ ನಡೆಸುವವರಿಗೆ, ಅಂದರೆ ಫೆಸಿಲಿಟೇಟರ್‌ಗೆ, ಇರಬೇಕಾದ ಗುಣಗಳನ್ನು ಸುಮ್ನೆ ಬಾಯಿಪಾಠ ಮಾಡುವ ಬದಲು ಒಂದು ಸಭೆಯನ್ನೇ ಮುಂದಿಟ್ಟುಕೊಂಡು ನೋಡೋಣ.

ಮುಳಬಾಗಿಲು ಕಡೆಯ ಒಂದು ಊರು ಅಂದುಕೊಳ್ಳಿ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ, ಕೆರೆಗಳೇ ಗತಿ. ಜನವರಿಯಲ್ಲಿ ಕೆರೆಯಲ್ಲಿ ಅರ್ಧ ನೀರಿದೆ. ತೂಬು (ಕೆರೆ ನೀರು ಹೊರಬಿಡುವ ಬಾಗಿಲು) ಎತ್ತಿ ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಹರಿಯುವ ಗದ್ದೆಗಳ, ಭತ್ತಕ್ಕೆ ಬಿಡಬೇಕಾ, ಇಲ್ಲ ದನಕರುಗಳಿಗೆ ಉಳಿಸಬೇಕಾ? ಕೆರೆ ಸಂಘ ಇದಕ್ಕೇ ಸೇರಿದೆ. (2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿರುವ ಕೆರೆಗಳ ಮಾತು ಬೇರೆ. ಆ ನೀರು ಅಂತರ್ಜಲ ಹೆಚ್ಚಿಸುವುದಕ್ಕೆ. ಇದು ಮಳೆ ನೀರಿನ ಕೆರೆ.)

ಮೊದಲ ವಿಷಯ, ಸಭೆ ನಡೆಸುವವರಿಗೆ ಅಚ್ಚುಕಟ್ಟಿನಲ್ಲಿ ಜಮೀನು ಇರಬಾರದು. ಅಧ್ಯಕ್ಷರಿಗೇ ಇದ್ದರೆ ಆ ದಿನ ಬೇರೆಯವರು ನಡೆಸಲಿ, ಅಧ್ಯಕ್ಷರು ಎಲ್ಲರ ಜೊತೆ ಕೂತು ವಾದ ಮಾಡಲಿ. ಅದರಿಂದ ಅವರ ಗೌರವಕ್ಕೇನೂ ಕುಂದಿಲ್ಲ. ಎರಡನೆಯದು, ಚರ್ಚೆಗೆ ಮೊದಲು ನೀರುಗಂಟಿ (ಕೆರೆ ನೀರು ಬಿಟ್ಟು ಹಂಚುವವರು) ಮಾತಾಡಬೇಕು. ಇರುವ ನೀರು ಎಷ್ಟು ದಿನ ಬರುತ್ತದೆ ಅಂತ ಹೇಳಬಲ್ಲವರು ಅವರೇ. ಆ ಮಾಹಿತಿ ಇಲ್ಲದೆ ಶುರುವಾದ ಚರ್ಚೆ ಹಳೇ ಜಗಳಕ್ಕೆ ತಿರುಗುತ್ತದೆ.

ಇನ್ನು ಪ್ರಶ್ನೆ ಕೇಳುವ ರೀತಿ. ನನ್ನ ಪ್ರಕಾರ ಇಡೀ ಪಾಠದ ಜೀವ ಇಲ್ಲೇ ಇದೆ. ‘ಎಲ್ಲರಿಗೂ ಒಪ್ಪಿಗೆ ತಾನೇ?’ ಅಂತ ಕೇಳಿದರೆ ನಮ್ಮ ಊರುಗಳಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ದೊಡ್ಡವರ ಎದುರು ಇಲ್ಲ ಅನ್ನೋದು ಹೇಗೆ? ಮೌನಂ ಸಮ್ಮತಿ ಲಕ್ಷಣಂ ಅಂತ ಬರೆದುಕೊಂಡು ಎದ್ದುಬಿಡುತ್ತೇವೆ. ಒಮ್ಮತಕ್ಕೆ ಇದಕ್ಕಿಂತ ದೊಡ್ಡ ಹಾನಿ ಇಲ್ಲ. ‘ತೂಬು ಎತ್ತಿದರೆ ಯಾರಿಗೆ ತೊಂದರೆ ಆಗುತ್ತೆ?’ ಅಂತ ಕೇಳಿ, ಸ್ವಲ್ಪ ಹೊತ್ತು ಕಾಯಿರಿ. ಹಿಂದೆ ಕೂತ ಹೆಂಗಸೊಬ್ಬರು, ‘ಏಪ್ರಿಲ್‌ನಲ್ಲಿ ದನ ಎಲ್ಲಿಗೆ ಹೊಡ್ಕೊಂಡು ಹೋಗೋಣಪ್ಪ?’ ಅನ್ನಬಹುದು. ಆಗ ನಡೆಸುವವರು ಉತ್ತರ ಕೊಡಲು ಹೋಗಬಾರದು. ‘ಬೇಸಿಗೆಗೆ ದನಗಳಿಗೆ ನೀರು ಉಳೀಬೇಕು ಅಂತಿದ್ದೀರಿ, ಸರೀನಾ ಅಕ್ಕ?’ ಅಂತ ಕೇಳಿ ಸಭೆಯ ಮುಂದೆ ಇಡಬೇಕು. ಆಮೇಲೆ ಪ್ರಸ್ತಾಪವೇ ಬದಲಾಗುತ್ತದೆ: ಈ ಸಲ ಭತ್ತ ಬೇಡ, ಕಡಿಮೆ ನೀರು ಕೇಳುವ ರಾಗಿ ಇಡೋಣ, ನೀರು ಇಂಥ ಗುರುತಿಗೆ ಇಳಿದ ಕೂಡಲೇ ತೂಬು ಮುಚ್ಚೋಣ.

ಮಾತಿನ ಸರದಿ ಬರೆದುಕೊಳ್ಳಲು ಇನ್ನೊಬ್ಬರಿದ್ದರೆ ಒಳ್ಳೆಯದು. 2011ರಲ್ಲಿ ನ್ಯೂಯಾರ್ಕಿನಲ್ಲಿ ಆರ್ಥಿಕ ಅಸಮಾನತೆಯ ವಿರುದ್ಧ ನಡೆದ ಆಕ್ಯುಪೈ ವಾಲ್‌ಸ್ಟ್ರೀಟ್ ಚಳವಳಿಯ ಸಭೆಗಳಲ್ಲಿ, ಸಾಮಾನ್ಯವಾಗಿ ದನಿ ಕೇಳಿಸದವರಿಗೆ ಸರದಿ ಮುಂದೆ ಮಾಡಿಕೊಡುತ್ತಿದ್ದರು. ನಮ್ಮಲ್ಲಿ ಹೆಸರು ಹಿಡಿದು ಕರೆದರೆ ಕೆಲವರು ಮುದುಡಿಹೋಗುತ್ತಾರೆ. ಮೂರು ನಾಲ್ಕು ಜನರ ಗುಂಪು ಮಾಡಿ ಹತ್ತು ನಿಮಿಷ ಅವರವರೇ ಮಾತಾಡಲು ಬಿಡುವುದು ವಾಸಿ. ಗಡಿಯಾರ ನೋಡುವವರ ಕೆಲಸ ಸುಲಭ, ‘ಇನ್ನು ಐದು ನಿಮಿಷ’ ಅಂದರೆ ಸಾಕು.

ಒಪ್ಪಿಗೆಯಲ್ಲೂ ಬಗೆ ಇದೆ. ಪೂರ್ತಿ ಒಪ್ಪುವವರು ಇರುತ್ತಾರೆ. ‘ನನಗೆ ಇಷ್ಟ ಇಲ್ಲ, ಆದರೆ ಅಡ್ಡ ಬರಲ್ಲ’ ಅನ್ನುವವರೂ ಇರುತ್ತಾರೆ, ಅವರ ಮಾತನ್ನೂ ಬರೆದಿಡಬೇಕು. ಮೂರನೆಯದು ತಡೆ. ಒಬ್ಬರು ತಡೆದರೂ ತೀರ್ಮಾನ ನಿಲ್ಲುತ್ತದೆ, ಹಾಗಾಗಿ ಕಾರಣ ಕೇಳಲೇಬೇಕು. 1970ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ಎಂಜಿನಿಯರ್ ಜೆರಾರ್ಡ್ ಎಂಡೆನ್‌ಬರ್ಗ್ ತಮ್ಮ ಮನೆತನದ ವಿದ್ಯುತ್ ಉಪಕರಣ ಕಂಪನಿಯಲ್ಲಿ ಇದನ್ನೇ ನಿಯಮ ಮಾಡಿದರು: ಕಾರಣ ಕೊಟ್ಟು ಹೇಳಿದ ಗಟ್ಟಿ ಆಕ್ಷೇಪಣೆ ಉಳಿದಿಲ್ಲದಿದ್ದರೆ ತೀರ್ಮಾನ ಆದಂತೆ.

ಕೊನೆಗೆ ನಡಾವಳಿ ಪುಸ್ತಕ. ಸಭೆ ಶುರುವಾಗುವ ಮೊದಲೇ ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡು, ಠರಾವನ್ನು ಆಮೇಲೆ ಮನೆಯಲ್ಲಿ ಬರೆಯುವ ಅಭ್ಯಾಸ ಅನೇಕ ಕಡೆ ಇದೆ. ಇದು ಜನಕ್ಕೆ ಮಾಡುವ ಮೋಸ. 17ನೇ ಶತಮಾನದಲ್ಲಿ ಇಂಗ್ಲೆಂಡ್‌ನಲ್ಲಿ ಹುಟ್ಟಿದ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಮತ ಹಾಕುವುದಿಲ್ಲ. ಸಭೆಯ ಒಟ್ಟು ಅಭಿಪ್ರಾಯವನ್ನು ಅವರ ಕ್ಲರ್ಕ್ (ಸಭೆ ನಡೆಸುವವರಿಗೆ ಅವರಲ್ಲಿ ಇದೇ ಹೆಸರು) ಅಲ್ಲೇ ಬರೆದು ಓದುತ್ತಾರೆ, ಸಭೆ ಒಪ್ಪಬೇಕು. ಕೆರೆ ಸಂಘದಲ್ಲೂ ಹಾಗೇ ಆಗಲಿ. ಯಾವ ಬೆಳೆ, ಯಾವ ಗುರುತು, ತೂಬು ಮುಚ್ಚುವವರು ಯಾರು ಅಂತ ಬರೆದು ಗಟ್ಟಿಯಾಗಿ ಓದಬೇಕು. ‘ನಾನು ಹಾಗೆ ಹೇಳಲಿಲ್ಲ’ ಅಂತ ಯಾರಾದರೂ ಅಂದರೆ ಅಲ್ಲೇ ತಿದ್ದಬೇಕು. ಸಹಿ, ಹೆಬ್ಬೆಟ್ಟು ಎಲ್ಲ ಅದಾದ ಮೇಲೆ.